ಗೆರೆಯಾಚೆ ನಿಂತವರು

ಸೇಡಂ ರಸ್ತೆಯ ಚಹಾದಂಗಡಿಯಲ್ಲಿ ಟೀವಿ ನೋಡುತ್ತ ಕೂತಿದ್ದ ದೊಡ್ಡ ಮನುಷ್ಯರೊಬ್ಬರು ನನಗೆ ಅಂದರು: "ಎಲ್ಲಾದರಾಗೂ ಜಾತಿ ತರ್ತೀರಿ ತಮ್ಮಾ. ಆಟದಾಗರ ಬಿಡ್ರಿ. ಅಲ್ಲಿ ಆಡಾಂವಗಷ್ಟೇ ಬೆಲಿ."

ಸ್ವಾಮಿ, ಆಡುವವ ಒಬ್ಬನೇ ಆಡುವುದಿಲ್ಲ. ಗೆರೆಯಾಚೆ ನಿಂತವರು ಅವನ ಮೈಯೊಳಗೆ ಇಳಿದಿರುತ್ತಾರೆ.

ನಾನು ಎಂಟನೇ ಕ್ಲಾಸಿನಲ್ಲಿದ್ದೆ. ಕಬಡ್ಡಿ ಅಂದರೆ ಮುಟ್ಟುವ ಆಟ. ಅದನ್ನು ನಮ್ಮನ್ನು ಮುಟ್ಟದ ಊರಿನಲ್ಲಿ ಆಡಬೇಕು. ದಮ್ಮು ಕಟ್ಟಿ ಎದುರಿನವರ ಕಡೆ ದಾಟಿದೆ. "ಹಿಡೀಬ್ಯಾಡ್ರೋ, ಮೈಲಿಗಿ ಆಗ್ತೈತಿ!" ಅಂತ ಒಬ್ಬ ಕೂಗಿದ. ಜನ ಹೋ ಎಂದು ನಕ್ಕರು. ಯಾರೂ ನನ್ನನ್ನು ಹಿಡಿಯಲಿಲ್ಲ. ನನ್ನ ದಮ್ಮೇ ಮುರಿಯಿತು. ಔಟ್. ಮಾಸ್ತರರು ಅಂದರು, "ಇವಂಗ ದಮ್ಮು ಸಾಲೂದಿಲ್ಲ." ಅದೇ ತೀರ್ಪು. ನಕ್ಕವರ ಹೆಸರು ಯಾವ ಹಾಳೆಯಲ್ಲೂ ಇಲ್ಲ.

ಇದು ನನ್ನ ಅಳುಕು ಎನ್ನುವವರು ಇಟಲಿಯ ಲೆಕ್ಕ ನೋಡಲಿ. 2020ರಲ್ಲಿ ಕೊರೊನಾ ಬಂದು ಅಲ್ಲಿನ ದೊಡ್ಡ ಫುಟ್‌ಬಾಲ್ ಲೀಗು ಸೀರಿ ಎ ಖಾಲಿ ಮೈದಾನದಲ್ಲಿ ನಡೆಯಿತು. ಕಪ್ಪು ಆಟಗಾರರನ್ನು ಕಂಡರೆ ಮಂಗನ ದನಿ ತೆಗೆಯುತ್ತಿದ್ದ ಗ್ಯಾಲರಿ ಬಾಯಿ ಮುಚ್ಚಿತು. ಕಸೆಲ್ಲಿ, ಫಾಲ್ಕೊ, ಮಟ್ಟೇರಾ ಎಂಬ ಮೂವರು ಅರ್ಥಶಾಸ್ತ್ರಜ್ಞರು ಕಂಪ್ಯೂಟರು ಕೊಟ್ಟ ಅಂಕಗಳನ್ನು ತೂಗಿ ನೋಡಿದರು. ಆಫ್ರಿಕಾದಿಂದ ಬಂದ ಆಟಗಾರರ ಆಟ ಏರಿತ್ತು. ಅದೇ ಕಾಲು, ಅದೇ ಚೆಂಡು. ಎದ್ದು ಹೋದದ್ದು ಜನ. ಹಾಗಾದರೆ ಅಷ್ಟು ವರ್ಷ ಅವರ ಆಟ ಕದ್ದವರು ಯಾರು?

ಬಿಳಿಯರ ಮಾತು ಬಿಡ್ರಿ. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ, ಚಮ್ಮಾರರ ಮಗ. ಪುಣೆಯ ಸವರ್ಣರಿಗೆ ಅವರ ಬೌಲಿಂಗ್ ಬೇಕಿತ್ತು, ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆ ಕುಡಿಕೆ ಹಿಡಿದು ನಿಂತ ಹೊತ್ತು ಆ ಕೈಯಿಂದ ಇನ್ನೆಷ್ಟು ಕಿತ್ತುಕೊಂಡಿತೋ!

2021ರ ಆಗಸ್ಟ್. ಟೋಕಿಯೊದಲ್ಲಿ ಹ್ಯಾಟ್ರಿಕ್ ಹೊಡೆದಿದ್ದ ಹಾಕಿಯ ವಂದನಾ ಕಟಾರಿಯಾ. ತಂಡ ಸೆಮಿಫೈನಲ್ ಸೋತದ್ದೇ ತಡ, ಹರಿದ್ವಾರದ ಹತ್ತಿರ ಅವರ ಮನೆ ಮುಂದೆ ಪಟಾಕಿ ಹೊಡೆದು, ದಲಿತರು ಹೆಚ್ಚಾಗಿದ್ದಕ್ಕೇ ಸೋತಿರಿ ಎಂದು ಬೈದರೆಂದು ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಎರಡು ದಿನಕ್ಕೆ ಬ್ರಿಟನ್ ವಿರುದ್ಧ ವಂದನಾ ಮತ್ತೆ ಗೋಲು ಹೊಡೆದರು.

"ಮತ್ತ ನೋಡು, ಆಕಿಗೇನಾತು?" ಅಂದರು ನಮ್ಮ ದೊಡ್ಡ ಮನುಷ್ಯರು. ಏನಾರ ಆಗಬೇಕಿತ್ತೇನ್ರಿ? ಬಡಿಸಿಕೊಂಡವಳು ಓಡಿದಳೆಂದರೆ ಬಡಿದವ ನಿರಪರಾಧಿಯೇ?

ಹಳ್ಳಿಯ ಮಾಸ್ತರರೇ, ಈ ಸಲ ವಲಯದ ಆಟಗಳಿಗೆ ಹುಡುಗರನ್ನು ಕರೆದೊಯ್ಯುತ್ತೀರಿ. ಕೊರಳಲ್ಲಿ ಸೀಟಿ ಇರುತ್ತದೆ. ಗೆರೆಯಾಚೆಯಿಂದ ಜಾತಿ ಹಿಡಿದು ಕೂಗು ಬಂದರೆ ಊದಿರಿ. ಆಟ ನಿಲ್ಲಿಸಿರಿ. ಕೂಗಿದವನನ್ನು ಹೊರಗೆ ಕಳಿಸಿರಿ. ಆಮೇಲೆ ಹುಡುಗನ ದಮ್ಮು ಅಳೆಯಿರಿ.