ಯಕೃತ್ತನ್ನು ಮರೆತ ವಿಮಾ ಷರತ್ತು

ಬೆಳಗಿನ ವಾಯುವಿಹಾರದ ಗೆಳೆಯರೊಬ್ಬರು ಈಚೆಗೆ ತಮ್ಮ ಆರೋಗ್ಯ ವಿಮೆಯ ಪಾಲಿಸಿಯನ್ನು ನನ್ನ ಕೈಗಿತ್ತು, ‘ಕಡತ ಓದಿ ಪಳಗಿದವರು ನೀವು, ಇದರ ಅರ್ಥ ಹೇಳಿ’ ಎಂದರು. ಅವರ ದೇಹತೂಕ ಸೂಚ್ಯಂಕ (ಬಿಎಂಐ) 37. ಮದ್ಯ ಮುಟ್ಟಿದವರಲ್ಲ, ಆದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ನಾರುಗಟ್ಟತೊಡಗಿದೆ. ಪಥ್ಯ, ನಡಿಗೆ ಫಲಿಸದ ಕಾರಣ ವೈದ್ಯರು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದ್ದಾರೆ.

ಆ ಪಾಲಿಸಿಯಲ್ಲಿದ್ದುದು ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಪ್ರಮಾಣಿತ ಷರತ್ತು. ಅದರಂತೆ ಬಿಎಂಐ 40 ಅಥವಾ ಅದಕ್ಕೂ ಹೆಚ್ಚಿರಬೇಕು. ಇಲ್ಲವೇ ಕನಿಷ್ಠ 35 ಇದ್ದು, ಬೊಜ್ಜಿನಿಂದಾದ ಹೃದಯಸ್ನಾಯು ದೌರ್ಬಲ್ಯ, ಪರಿಧಮನಿಯ ಹೃದ್ರೋಗ, ತೀವ್ರ ನಿದ್ರಾ ಉಸಿರುಗಟ್ಟುವಿಕೆ ಅಥವಾ ಹತೋಟಿಗೆ ಬಾರದ ಮಧುಮೇಹ ಜೊತೆಗಿರಬೇಕು. ಯಕೃತ್ತಿನ ಹೆಸರೇ ಅಲ್ಲಿಲ್ಲ.

ವಿಚಿತ್ರವೆಂದರೆ, ಮದ್ಯಪಾನದಿಂದಲ್ಲದ ಕೊಬ್ಬಿನ ಯಕೃತ್ತಿನ ಕಾಯಿಲೆಯನ್ನು ಕೇಂದ್ರ ಸರ್ಕಾರವೇ 2021ರಲ್ಲಿ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಚಿಕಿತ್ಸೆಯ ಫಲದ ಬಗ್ಗೆ ಪುರಾವೆಯೂ ಇದೆ. 2023ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ, ಇಟಲಿಯ 288 ರೋಗಿಗಳ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ಗುಂಪುಗಳಲ್ಲಿ ಸುಮಾರು ಶೇ 56ರಷ್ಟು ಮಂದಿಗೆ ಒಂದು ವರ್ಷದ ನಂತರ ಯಕೃತ್ತಿನ ಉರಿಯೂತ ಶಮನವಾಗಿತ್ತು, ನಾರುಗಟ್ಟುವಿಕೆಯೂ ಹೆಚ್ಚಿರಲಿಲ್ಲ. ಜೀವನಶೈಲಿ ಬದಲಾವಣೆಯನ್ನು ಮುಖ್ಯವಾಗಿ ನೆಚ್ಚಿದವರಲ್ಲಿ ಈ ಪ್ರಮಾಣ ಶೇ 16 ಮಾತ್ರ.

ಎಲ್ಲರಿಗೂ ಕತ್ತರಿ ಹಿಡಿಯಬೇಕೆಂಬುದು ನನ್ನ ವಾದವಲ್ಲ. ಯಕೃತ್ತು ಪೂರ್ತಿ ಸೋತವರಿಗೆ ಈ ಶಸ್ತ್ರಚಿಕಿತ್ಸೆಯೇ ಅಪಾಯಕರ. ಮಾಡಿಸಿಕೊಂಡವರು ಬದುಕಿನುದ್ದಕ್ಕೂ ಪೋಷಕಾಂಶಗಳ ಕೊರತೆಯ ಮೇಲೆ ಕಣ್ಣಿಡಬೇಕು. ಹೊಸ ಔಷಧಿಗಳೂ ಬರುತ್ತಿವೆ. ವ್ಯಾಪ್ತಿ ಹಿಗ್ಗಿದರೆ ಎಲ್ಲರ ಪ್ರೀಮಿಯಂ ಏರೀತೆಂಬ ವಿಮಾ ಕಂಪನಿಗಳ ಆತಂಕವನ್ನೂ ತಳ್ಳಿಹಾಕಲಾಗದು. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಮೊದಲ ಪಾಠಗಳಲ್ಲೊಂದು, ಮುಂದೂಡಿದ ವೆಚ್ಚ ಉಳಿತಾಯವಲ್ಲ ಎಂಬುದು. ಇಂದು ನಿರಾಕರಿಸಿದ ಹಣ ನಾಳೆ ಸಿರೋಸಿಸ್, ಮತ್ತೆ ಮತ್ತೆ ಆಸ್ಪತ್ರೆ ವಾಸ, ಕೊನೆಗೆ ಯಕೃತ್ತಿನ ಕಸಿಯ ರೂಪದಲ್ಲಿ ಹಲವು ಪಟ್ಟಾಗಿ ಮರಳಬಹುದು. ಅದನ್ನು ಭರಿಸಬೇಕಾದವರು ರೋಗಿಯ ಕುಟುಂಬ ಅಥವಾ ಅದೇ ವಿಮಾ ನಿಧಿ.

ಆದ್ದರಿಂದ ನಾಲ್ಕು ಕಾಯಿಲೆಗಳ ಆ ಪಟ್ಟಿಗೆ ಐದನೆಯದಾಗಿ, ಪರೀಕ್ಷೆಯಿಂದ ದೃಢಪಟ್ಟ ಯಕೃತ್ತಿನ ನಾರುಗಟ್ಟುವಿಕೆಯನ್ನು ಸೇರಿಸುವುದು ಉಚಿತ. ಇದಕ್ಕೆ ಬೇಕಿರುವುದು ಹೊಸ ಯೋಜನೆಯಲ್ಲ, ಒಂದು ಸಾಲಿನ ತಿದ್ದುಪಡಿ. ಗೆಳೆಯರಿಗೆ ನಾನು ಷರತ್ತಿನ ಅರ್ಥವನ್ನೇನೋ ಹೇಳಿದೆ. ಅದರ ಹಿಂದಿನ ತರ್ಕವನ್ನು ಹೇಳಲು ನನ್ನಿಂದಾಗಲಿಲ್ಲ.