ಹೆಚ್ಚು ಬೇಕಾದ ಕೂಸಿಗೆ ಹೆಚ್ಚು ಕೊಡಲಿ



ತೊಗರಿ ರಾಶಿ ಶುರುವಾಯಿತೆಂದರೆ ನಮ್ಮ ವರ್ಗದಲ್ಲಿ ಹಾಜರಿ ಕರೆಯುವಾಗ ಕೆಲವು ಹೆಸರಿಗೆ ಉತ್ತರವೇ ಬರುವುದಿಲ್ಲ. ಹೆಚ್ಚಾಗಿ ಹುಡುಗಿಯರ ಹೆಸರು. ಜ್ವರ ಬಂದದ್ದಲ್ಲ. ಅವ್ವ ಹೊಲಕ್ಕ ಹೋಗ್ಯಾಳ, ಇವರು ತಮ್ಮನ್ನ ಎತ್ತಿಕೊಂಡು ಮನ್ಯಾಗ ಕುಂತಾರ. ಆದ್ದರಿಂದ ಅಂಗನವಾಡಿಗೆ ಹೆಚ್ಚು ಹಣ ಬೇಕು ಎಂದರೆ ಅದು ಸಣ್ಣವರ ಮಾತು, ನಮಗೇನು ಅಂತ ಯಾರೂ ಅನ್ನಬಾರದು. ಅದು ಏಳನೇ ತರಗತಿಯ ಮಾತೂ ಹೌದು.

ಅಂಗನವಾಡಿಯ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ 100 ಕೇಂದ್ರಗಳಿದ್ದವು. ಈಗ 65 ಸಾವಿರಕ್ಕೂ ಹೆಚ್ಚು ಇವೆ. ಇದು ಸಂತೋಷದ ಸಂಗತಿ. ಆದರೆ ಅಲ್ಲಿ ಕೂತು ಆಡಿ ಕಲಿಯುವುದು ಮೂರರಿಂದ ಆರು ವರ್ಷದವರು. ಮೂರರೊಳಗಿನ ಕೂಸಿಗೆ ರೇಷನ್ ಮನೆಗೆ ಕೊಡುತ್ತಾರೆ. ರೇಷನ್ ಮನೆಗೆ ಬಂತು, ಕೂಸನ್ನು ಯಾರು ನೋಡಬೇಕು? ಅಕ್ಕ ನೋಡಬೇಕು!

ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಅವರು ಇದನ್ನು ಎಂದೋ ತಿಳಿದಿದ್ದರು. 1945ರಲ್ಲಿ ಬೋರ್ಡಿ ಎಂಬ ಊರಲ್ಲಿ ಬಡಮಕ್ಕಳ ಕೆಲಸ ಶುರು ಮಾಡಿದರು. ಮಕ್ಕಳು ಶಾಲೆಗೆ ಬರದಿದ್ದರೆ ಅವರ ಅಂಗಳಕ್ಕೇ ಶಾಲೆ ಒಯ್ದರು. ದನ ಕಾಯುವ ಹುಡುಗರಿಗೆ ಹುಲ್ಲುಗಾವಲಿನಲ್ಲೇ ಪಾಠ. ಮುಂದೆ ಕೋಸಬಾಡದಲ್ಲಿ ಕೂಸುಗಳ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ನಡೆಸಿದರು. ಅಂಥದ್ದು ನಮ್ಮ ಮಸೂತಿಯಲ್ಲಿದ್ದರೆ ಅಕ್ಕ ತಮ್ಮನನ್ನು ಒಂದು ಬಾಗಿಲಲ್ಲಿ ಬಿಟ್ಟು ಪಕ್ಕದ ಬಾಗಿಲಲ್ಲಿ ಪಾಠಕ್ಕೆ ಕೂಡಬಹುದು.

ಎಲ್ಲ ಮಕ್ಕಳೂ ಒಂದೇ, ಬಡವರಿಗೆ ಮಾತ್ರ ಹೆಚ್ಚು ಯಾಕೆ ಎಂದು ಕೆಲವರು ಕೇಳುತ್ತಾರೆ. 2017ರಲ್ಲಿ ಕೇಂದ್ರ ಸರ್ಕಾರ ಅಂಗನವಾಡಿ ಮಗುವಿನ ಒಂದು ದಿನದ ಆಹಾರಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ 12 ರೂಪಾಯಿ ಎಂದು ಗೊತ್ತು ಮಾಡಿತು. ಅಂದರೆ ಊಟದಲ್ಲಿ ಈ ಮಾತನ್ನು ಸರ್ಕಾರವೇ ಒಪ್ಪಿದೆ. ಕಲಿಕೆಯಲ್ಲಿ ಯಾಕೆ ಒಪ್ಪಬಾರದು? ದ್ರಾಕ್ಷಿ ಪಡದಾಗ ಅಪ್ಪ ಸೊರಗಿದ ಬಳ್ಳಿಗೆ ಒಂದು ಬುಟ್ಟಿ ಗೊಬ್ಬರ ಹೆಚ್ಚು ಹಾಕತಾನ. ಉಳಿದ ಬಳ್ಳಿ ಜಗಳಾ ತಗಿಯಂಗಿಲ್ಲ.

ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಅಂತ ದೂರದ ಊರಿಗೆ ದುಡಿಯಾಕ ಹೋದವರ ಸಣ್ಣ ಮಕ್ಕಳು ತಿರುಗಿ ಬಂದಾಗ ಹಾಡೂ ಗೊತ್ತಿರುವುದಿಲ್ಲ, ಬಣ್ಣದ ಹೆಸರೂ ಗೊತ್ತಿರುವುದಿಲ್ಲ. ಅವರನ್ನು ಹತ್ತಿರ ಕೂಡಿಸಿಕೊಂಡು ಕಲಿಸಲು ಇನ್ನೊಬ್ಬರು ಬೇಕು. ಒಬ್ಬರೇ ಅಕ್ಕೋರು ಹಾಡು ಹೇಳಬೇಕೋ, ತೂಕ ಬರೆಯಬೇಕೋ? ಅವರಿಗೆ ಕೊಡುವುದನ್ನು ಸಂಬಳ ಅನ್ನದೆ ಗೌರವಧನ ಅನ್ನುತ್ತಾರೆ. ಹೊತ್ತು ಹೆಚ್ಚು ಮಾಡಿದರೆ ಅದನ್ನೂ ಹೆಚ್ಚು ಮಾಡಬೇಕಲ್ಲವೇ?

2023ರಲ್ಲಿ ನಮ್ಮ ರಾಜ್ಯ ಸರ್ಕಾರ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4 ಸಾವಿರ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ಎಂದು ಸಾರಿತು. ಒಳ್ಳೆಯ ಯೋಜನೆ. ಆದರೆ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುವ ಅವ್ವನ ಕೂಸಿಗೂ ಅದೇ ನೆರಳು ಬೇಕು, ಅದೂ ರಾಶಿ ಕಾಲದಲ್ಲಿ, ಬೆಳಿಗ್ಗೆ ಎಂಟರಿಂದಲೇ.

ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ನಾನು ಇದನ್ನೇ ಕೇಳುವವಳಿದ್ದೇನೆ. ರಾಶಿ ಕಾಲದಲ್ಲಿ ಶಾಲೆ ತಪ್ಪಿಸಿಕೊಂಡ ಗೆಳತಿಯರೂ ಅಂದು ಬರಬೇಕು. ತಮ್ಮನ್ನ ಬಿಡಾಕ ಆಗದಿದ್ದರ ಎತ್ತಿಕೊಂಡೇ ಬರ್ರಿ.

— 7ನೇ ತರಗತಿ ವಿದ್ಯಾರ್ಥಿನಿ