ಬಚ್ಚಲೊಲೆಯ ಮುಂದೆ ಒಂದು ಮೇ ತಿಂಗಳು

ಮುಂಬೈಗೆ ಬಂದು ಇಪ್ಪತ್ತೇಳು ವರ್ಷವಾಯ್ತು. ಇಷ್ಟು ವರ್ಷದಲ್ಲಿ ಮೇ ತಿಂಗಳಲ್ಲಿ ಊರಿಗೆ ಹೋಗಿ ಬೆಂಕಿ ಮುಂದೆ ಮೈ ಕಾಯಿಸಿಕೊಂಡದ್ದು 2025ರಲ್ಲಿ ಮಾತ್ರ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ಜೂನ್ 11ರ ಸುಮಾರಿಗೆ ಮುಂಬೈ ಮುಟ್ಟಬೇಕಾದದ್ದು ಮೇ 26ಕ್ಕೇ ಮುಟ್ಟಿತು. ಸಾಗರ ತಾಲೂಕಿನ ನಮ್ಮ ಹಳ್ಳಿಯಲ್ಲೂ ಮಳೆ ಹಿಡಿದು ಕೂತಿತ್ತು. ಸೆಖೆಗೆಂದು ತೆಳು ಬಟ್ಟೆ ತುಂಬಿಕೊಂಡು ಹೋದವನು ಅಣ್ಣನ ಸ್ವೆಟರ್ ಹಾಕಿಕೊಂಡು ಬಚ್ಚಲೊಲೆಯ ಮುಂದೆ ಕೂತೆ.

ಆಹಾ, ಆ ಸುಖ! ಹಂಡೆಯಲ್ಲಿ ನೀರು ಕಾಯುವ ಸದ್ದು, ಕೆಂಡದಲ್ಲಿ ಸುಟ್ಟ ಹಲಸಿನ ಬೀಜ... ಫೋಟೋ ತೆಗೆದು ಇಲ್ಲಿನ ಗೆಳೆಯರಿಗೆ ಕಳಿಸಿದೆ. "ಗ್ಯಾಸ್ ಬಂದ ಮೇಲೆ ಊಟದ ರುಚಿಯೇ ಹೋಯ್ತು" ಅಂತ ಒಬ್ಬ ಬರೆದ. ನಾನೂ ಹೌದೆಂದೆ. ಅಷ್ಟೇ ಅಲ್ಲ, "ಅತ್ತಿಗೆ, ಇವತ್ತು ಅಡುಗೆಯನ್ನೂ ಹಳೇ ಒಲೆಯಲ್ಲೇ ಮಾಡಬಹುದಲ್ಲ?" ಅಂದೆ.

ಅತ್ತಿಗೆ ಪಾಪ, ಇಲ್ಲ ಅನ್ನಲಿಲ್ಲ. ಊದುಗೊಳವೆ ಹಿಡಿದು ಅರ್ಧ ಗಂಟೆ ಊದಿದರು. ಹೊಗೆ ಎದ್ದಿತೇ ಹೊರತು ಉರಿ ಏಳಲಿಲ್ಲ. ನಾನು ಕಣ್ಣುಜ್ಜುತ್ತಾ ಜಗುಲಿಗೆ ಓಡಿದೆ. "ನಿಂಗೆ ಬೆಂಕಿ ಮುಂದೆ ಕೂರೋದಷ್ಟೇ ಮಾರಾಯ, ಹೊಗೆ ಕುಡಿಯೋಳು ನಾನು" ಅಂದರು, ಕೆಮ್ಮುತ್ತಾ. ತಮಾಷೆಗೇ ಅಂದದ್ದು. ಆದರೆ ನನಗೆ ಅಮ್ಮ ನೆನಪಾದಳು. ಬೀಡಿ, ಸಿಗರೇಟು ಮುಟ್ಟದ ಅವಳು ಕೊನೆಯ ಹತ್ತು ವರ್ಷ ಕೆಮ್ಮಿದಳು. ಡಾಕ್ಟರು ಮೊದಲು ಕೇಳಿದ್ದೇ, "ಎಷ್ಟು ವರ್ಷ ಕಟ್ಟಿಗೆ ಒಲೆಯಲ್ಲಿ ಅಡುಗೆ ಮಾಡಿದ್ದೀರಿ?" ಅಂತ.

ಮಲೆನಾಡಿನಲ್ಲಿ ಮೇ ಅಂದರೆ ಒಣಗಿದ ಕಟ್ಟಿಗೆಯನ್ನು ಕೊಟ್ಟಿಗೆಗೆ ಸೇರಿಸುವ ತಿಂಗಳು. ಮಳೆ ಮೊದಲೇ ಬಂದರೆ ಅದು ಅಂಗಳದಲ್ಲೇ ನೆನೆಯುತ್ತದೆ. ಒದ್ದೆ ಕಟ್ಟಿಗೆಯ ಶಾಖವೆಲ್ಲ ಮೊದಲು ಅದರ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಕಟ್ಟಿಗೆ ಪೂರ್ತಿ ಸುಡದೆ ಹೊಗೆಯಾಡುತ್ತದೆ. ಚಳಿಯೆಂದು ಕಿಟಕಿ ಬೇರೆ ಮುಚ್ಚಿರುತ್ತೇವೆ. ಅಂದರೆ ಒಲೆ ಬೇಕು ಅನ್ನಿಸುವ ದಿನವೇ ಒಲೆ ಅತಿ ಕೆಟ್ಟದಾಗಿ ಉರಿಯುತ್ತದೆ. ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳದೇ ಹೋದದ್ದುಂಟು.

ಹಾಗಂತ ಒಲೆ ಒಡೆದುಹಾಕಿ ಅನ್ನುತ್ತಿಲ್ಲ. ಅಡಿಕೆ ತೋಟದ ಮನೆಯಲ್ಲಿ ಸೋಗೆ, ಸಿಪ್ಪೆ ಪುಕ್ಕಟೆ. ಹಂಡೆ ನೀರನ್ನೆಲ್ಲ ಗ್ಯಾಸಿನಲ್ಲಿ ಕಾಯಿಸಿದರೆ ಸಿಲಿಂಡರ್ ಎಷ್ಟು ದಿನ ಬಂದೀತು? ಬಚ್ಚಲೊಲೆ ಇರಲಿ. ಆದರೆ ಅದಕ್ಕೊಂದು ಚಿಮಣಿ ಇರಲಿ, ಕಟ್ಟಿಗೆಗೊಂದು ಮಾಡು ಇರಲಿ. ಅಡುಗೆಗೂ ಒಲೆಯೇ ಬೇಕೆನ್ನುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲೇ ಚಿಮಣಿಯಿರುವ ಅಸ್ತ್ರ ಒಲೆ ಮಾಡಿಕೊಟ್ಟಿದ್ದಾರೆ.

ವಾಪಸ್ ಬಂದವನು ಚಿಮಣಿಗೂ ತಗಡಿನ ಮಾಡಿಗೂ ಅಣ್ಣನಿಗೆ ದುಡ್ಡು ಕಳಿಸಿದೆ. ದೊಡ್ಡ ಕೆಲಸವೇನಲ್ಲ, ಎಂದೋ ಆಗಬೇಕಿತ್ತು. ಇಲ್ಲಿ ಹತ್ತನೇ ಮಹಡಿಯಲ್ಲಿ ಪೈಪ್ ಗ್ಯಾಸ್ ಹಚ್ಚಿಕೊಂಡು, ಊರಿನವರು ಒಲೆ ಬಿಟ್ಟರಲ್ಲ ಅಂತ ನಾವು ಮರುಗುವುದು ಯಾವ ನ್ಯಾಯ? ಮುಂದಿನ ಸಲ ಊರಿಗೆ ಹೋದಾಗ ಫೋಟೋ ತೆಗೆಯುವ ಮೊದಲು ಊದುಗೊಳವೆಯನ್ನು ಒಮ್ಮೆ ನೀವೇ ಹಿಡಿದು ನೋಡಿ. ಆಮೇಲೆ ರುಚಿಯ ಮಾತಾಡೋಣ. ಏನಂತೀರಿ?